ನಿಧಾನವಾಗಿ ನಡೆಯುವವಳು ಮುಂದೆ ಇರಲಿ

“ಗುಡ್ಡ ಹತ್ತಿ ನನ್ನ ಮಗಳಿಗೆ ಏನು ಆಗಬೇಕಿದೆ ಟೀಚರೇ?”

2011ರ ನವೆಂಬರ್ ತಿಂಗಳ ಒಂದು ಸಂಜೆ ವಿದ್ಯಾರ್ಥಿನಿಯೊಬ್ಬಳ ತಾಯಿ ನನ್ನನ್ನು ಕೇಳಿದ ಪ್ರಶ್ನೆ ಇದು. ನಾನು ಅವರ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ನನ್ನ ಕೈಯಲ್ಲಿ ಸಹಿ ಬೀಳದ ಒಂದು ಒಪ್ಪಿಗೆ ಪತ್ರವಿತ್ತು. ನಮ್ಮ ಶಾಲೆಯ ಗೈಡ್ಸ್ ದಳದ ಹುಡುಗಿಯರನ್ನು ಬೆಳ್ತಂಗಡಿ ಸಮೀಪದ ಜಮಲಾಬಾದ್ ಕೋಟೆಗೆ, ಅಂದರೆ ಗಡಾಯಿಕಲ್ಲಿಗೆ ಒಂದು ದಿನದ ಚಾರಣಕ್ಕೆ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಇಪ್ಪತ್ತಮೂರು ಮನೆಗಳಿಂದ ಸಹಿ ಬಂದಿತ್ತು. ಉಳಿದದ್ದು ಈ ಒಂದು ಮನೆ. ಮಗಳು ಬಾಗಿಲ ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಎಂಟನೇ ತರಗತಿಯ ಹುಡುಗಿ. ಮಾತು ಕಡಿಮೆ, ನಡಿಗೆ ನಿಧಾನ.

ಆ ತಾಯಿಯ ಪ್ರಶ್ನೆಗೆ ಅಂದು ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. “ನೀವು ಭಯಪಡಬೇಡಿ, ನಾನು ನೋಡಿಕೊಳ್ಳುತ್ತೇನೆ” ಎಂದಷ್ಟೇ ಹೇಳಿದೆ. ನನ್ನ ಮುಖ ನೋಡಿ ಅವರು ಸಹಿ ಹಾಕಿದರು. ಆ ಮಾತನ್ನು ನಾನು ಹೇಗೆ ಉಳಿಸಿಕೊಂಡೆ, ಹೇಗೆ ಉಳಿಸಿಕೊಳ್ಳಲಿಲ್ಲ ಎಂಬುದನ್ನು ಈ ಬಾರಿ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ಪ್ರಿಯ ಸಹೋದರಿಯರೇ, ಆ ತಾಯಿಯ ಪ್ರಶ್ನೆಯನ್ನು ನಾನು ತಪ್ಪೆಂದು ಹೇಳಲಾರೆ. ನಾನೂ ಅಂತಹುದೇ ಮನೆಯಲ್ಲಿ ಬೆಳೆದವಳು. ಬೆಳಗ್ಗೆ ಮದ್ರಸ, ನಂತರ ಶಾಲೆ, ಸಂಜೆ ಮನೆಗೆಲಸ. ಅಣ್ಣಂದಿರು ಗೇರುಬೀಜ ಹೆಕ್ಕಲು ಗುಡ್ಡಕ್ಕೆ ಹೋಗುತ್ತಿದ್ದರು, ತೋಡಿನಲ್ಲಿ ಈಜುತ್ತಿದ್ದರು. ನಾವು ಅಂಗಳದ ತನಕ. ಮದ್ರಸದ ಕಲಿಕೆ ಮುಗಿಸಿ, ಮದುವೆಯ ನಂತರ ಮನೆಯಲ್ಲೇ ಓದಿ ಬಿ.ಎ. ಪಾಸು ಮಾಡಿ ಶಿಕ್ಷಕಿಯಾದೆ. ಅಲ್ಲಿಯ ತನಕ ನಾನು ಒಂದು ಗುಡ್ಡದ ತುದಿಯಲ್ಲಿ ನಿಂತು ಕೆಳಗೆ ನೋಡಿದವಳಲ್ಲ. ಶಾಲೆಯಲ್ಲಿ ಗೈಡ್ಸ್ ನಡೆಸುತ್ತಿದ್ದ ಹಿರಿಯ ಟೀಚರ್ ನಿವೃತ್ತರಾದಾಗ, ಬೇರೆ ಯಾರೂ ಒಪ್ಪದ ಕಾರಣ ಆ ಹೊಣೆ ನನ್ನ ಹೆಗಲಿಗೆ ಬಿತ್ತು. ಆಗ ನನಗೆ ಮೂವತ್ತರ ಆಸುಪಾಸು.

ಗೈಡ್ ಕ್ಯಾಪ್ಟನ್ ಆಗಬೇಕಾದರೆ ಏಳು ದಿನಗಳ ಮೂಲ ತರಬೇತಿ ಪಡೆಯಬೇಕು. ಶಿಬಿರದಲ್ಲಿ ನಮ್ಮಂತಹ ಶಿಕ್ಷಕಿಯರೆಲ್ಲ ಗುಡಾರ ಕಟ್ಟಿದೆವು, ಮೂರು ಕಲ್ಲಿಟ್ಟು ಅನ್ನ ಬೇಯಿಸಿದೆವು, ಹಗ್ಗ ಹಿಡಿದು ಗಂಟು ಹಾಕಲು ಕಲಿತೆವು. ಮೊದಲ ಗಂಟು ‘ರೀಫ್ ನಾಟ್’. ಬಲ ತುದಿ ಎಡದ ಮೇಲೆ, ಅನಂತರ ಎಡ ತುದಿ ಬಲದ ಮೇಲೆ. ಎರಡು ಸಲವೂ ಒಂದೇ ರೀತಿ ಸುತ್ತಿದರೆ ನೋಡಲು ಗಂಟಿನಂತೆಯೇ ಇರುತ್ತದೆ, ಆದರೆ ಭಾರ ಬಿದ್ದಾಗ ಜಾರಿ ಬಿಚ್ಚಿಕೊಳ್ಳುತ್ತದೆ. ಅಷ್ಟು ವರ್ಷ ನಾನು ಕಟ್ಟಿದ ಗಂಟುಗಳೆಲ್ಲ ಜಾರುವ ಗಂಟುಗಳೇ ಆಗಿದ್ದವು ಎಂದು ತಿಳಿದದ್ದು ಅಂದೇ. ನೋಡಲು ಸರಿಯಿರುವುದಕ್ಕೂ ಭಾರ ತಡೆಯುವುದಕ್ಕೂ ವ್ಯತ್ಯಾಸವಿದೆ ಎಂಬುದು ನನ್ನ ಮೊದಲ ಪಾಠ.

ಕರೆಯದೆ ಬಂದ ಹುಡುಗಿಯರು

ಸ್ಕೌಟ್ಸ್ ಮತ್ತು ಗೈಡ್ಸ್ ಎಂದರೆ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿ ನಡೆಯುವ ಮಕ್ಕಳು ಎಂದಷ್ಟೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದರ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳೋಣ.

1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪಕ್ಕೆ ಸುಮಾರು ಇಪ್ಪತ್ತು ಹುಡುಗರನ್ನು ಕರೆದುಕೊಂಡು ಹೋದರು. ಅವರಲ್ಲಿ ಶ್ರೀಮಂತರ ಶಾಲೆಗಳ ಮಕ್ಕಳೂ ಇದ್ದರು, ದುಡಿಯುವ ವರ್ಗದ ಮಕ್ಕಳೂ ಇದ್ದರು. ಎಲ್ಲರನ್ನೂ ಬೆರೆಸಿ ಸಣ್ಣ ಸಣ್ಣ ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಿದರು. ಮಕ್ಕಳ ಮೇಲೆ ಹೊಣೆ ಹಾಕಿದರೆ ಅವರು ಹೊಣೆ ಹೊರುತ್ತಾರೆ ಎಂಬುದು ಅವರ ನಂಬಿಕೆ. ಮರುವರ್ಷ, 1908ರಲ್ಲಿ, ಅವರು ಬರೆದ ಪುಸ್ತಕ ಪ್ರಕಟವಾಯಿತು. ಅಲ್ಲಿಂದ ಚಳವಳಿ ಬೆಳೆಯಿತು.

ಇದರಲ್ಲಿ ನಮಗೆ ಆಸಕ್ತಿ ಮೂಡಿಸುವ ಒಂದು ಸಂಗತಿಯಿದೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ದೊಡ್ಡ ಸಮಾವೇಶ ನಡೆದಾಗ ಕೆಲವು ಹುಡುಗಿಯರೂ ಅಲ್ಲಿಗೆ ಬಂದು ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ. ನಮಗೂ ಇದು ಬೇಕು ಎಂದರು. ಅದರ ಫಲವಾಗಿ 1910ರಲ್ಲಿ ಬೇಡನ್ ಪೊವೆಲ್ ಅವರ ಸಹೋದರಿ ಆಗ್ನೆಸ್ ಅವರ ನೇತೃತ್ವದಲ್ಲಿ ಗರ್ಲ್ ಗೈಡ್ಸ್ ಆರಂಭವಾಯಿತು. ಇಂದು ನಮ್ಮ ಹೆಣ್ಣು ಮಕ್ಕಳು ತೊಡುವ ಗೈಡ್ ಸಮವಸ್ತ್ರದ ಹಿಂದೆ ಆ ಹುಡುಗಿಯರ ಧೈರ್ಯವಿದೆ.

ಭಾರತದಲ್ಲಿ ಮೊದಲ ಸ್ಕೌಟ್ ದಳ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬವರಿಂದ. ಆದರೆ ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಭಾರತೀಯ ಮಕ್ಕಳಿಗಾಗಿ ಆ್ಯನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮುಂತಾದವರು ಬೇರೆಯೇ ಸಂಘಟನೆಗಳನ್ನು ಕಟ್ಟಬೇಕಾಯಿತು. ಸ್ವಾತಂತ್ರ್ಯದ ನಂತರ ಈ ಬೇರೆ ಬೇರೆ ಸಂಘಟನೆಗಳನ್ನು ಒಂದುಗೂಡಿಸಲು ಶ್ರಮಿಸಿದವರಲ್ಲಿ ಅಂದಿನ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಝಾದ್ ಕೂಡಾ ಒಬ್ಬರು. 1950ರ ನವೆಂಬರ್ 7ರಂದು ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ರೂಪುಗೊಂಡಿತು. 1951ರ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಕೂಡಾ ಅದರೊಳಗೆ ಬಂತು.

ಹಜ್ಜ್‌ಗೆ ಹೋಗಿ ಬಂದವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಮಿನಾದ ಸಾವಿರಾರು ಬಿಳಿ ಗುಡಾರಗಳ ನಡುವೆ ದಾರಿ ತಪ್ಪಿದ ಹಾಜಿಗಳನ್ನು, ಅದರಲ್ಲೂ ವೃದ್ಧರನ್ನು, ಕೈ ಹಿಡಿದು ಅವರವರ ಬಿಡಾರಕ್ಕೆ ತಲುಪಿಸುವ ಸೌದಿ ಸ್ಕೌಟ್ ಹುಡುಗರನ್ನು ಅವರು ಕಂಡಿರಬಹುದು. ಭಾಷೆ ಬಾರದ ಊರಿನಲ್ಲಿ ದಾರಿ ತಪ್ಪಿದ ಅಜ್ಜಿಯೊಬ್ಬರಿಗೆ ಆ ಹುಡುಗನ ಕೈ ಎಷ್ಟು ದೊಡ್ಡದು! ನಕ್ಷೆ ಓದಲು ಕಲಿತ ಮಗು ಮಾತ್ರ ಆ ಸೇವೆ ಮಾಡಬಲ್ಲುದು.

ಇಪ್ಪತ್ತನಾಲ್ಕರಲ್ಲಿ ಒಬ್ಬಳು ಕಡಿಮೆ

ಈಗ ನಮ್ಮ ಚಾರಣಕ್ಕೆ ಬರೋಣ.

ಗಡಾಯಿಕಲ್ಲನ್ನು ಕಂಡವರಿಗೆ ಗೊತ್ತು, ಅದು ಬಯಲಿನ ನಡುವೆ ಎದ್ದು ನಿಂತ ಒಂದೇ ದೊಡ್ಡ ಕಲ್ಲುಬಂಡೆ. ಸಮುದ್ರ ಮಟ್ಟದಿಂದ ಸುಮಾರು 1,700 ಅಡಿ ಎತ್ತರ. ಅಲ್ಲಿದ್ದ ಹಳೆಯ ಕೋಟೆಯ ಜಾಗದಲ್ಲಿ ಟಿಪ್ಪು ಸುಲ್ತಾನರು 1794ರಲ್ಲಿ ಹೊಸ ಕೋಟೆ ಕಟ್ಟಿಸಿ, ತಮ್ಮ ತಾಯಿಯ ಹೆಸರಿನಲ್ಲಿ ಜಮಲಾಬಾದ್ ಎಂದು ಕರೆದರೆಂದು ಹೇಳುತ್ತಾರೆ. 1799ರಲ್ಲಿ ಅದು ಬ್ರಿಟಿಷರ ಕೈಸೇರಿತು. ಮೇಲೇರಲು ಇರುವುದು ಒಂದೇ ಕಿರಿದಾದ ದಾರಿ, 1,800ಕ್ಕೂ ಹೆಚ್ಚು ಮೆಟ್ಟಿಲುಗಳು. ಕೆಲವು ಕಡೆ ಮೆಟ್ಟಿಲಿನ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಆಳ.

ನಾವು ನಾಲ್ಕು ಪೆಟ್ರೋಲ್ ಮಾಡಿದ್ದೆವು. ತಲಾ ಆರು ಹುಡುಗಿಯರು. ಗೈಡ್ಸ್‌ನಲ್ಲಿ ಪೆಟ್ರೋಲುಗಳಿಗೆ ಹೂವಿನ ಹೆಸರಿಡುವುದು ಪದ್ಧತಿ. ಮಲ್ಲಿಗೆ, ಗುಲಾಬಿ, ಕಮಲ, ಸಂಪಿಗೆ. ಪ್ರತಿಯೊಬ್ಬಳ ಕೊರಳಲ್ಲಿ ಒಂದು ಸೀಟಿ, ಚೀಲದಲ್ಲಿ ಎರಡು ಲೀಟರ್ ನೀರು, ಬುತ್ತಿ. ಇಬ್ಬರು ಶಿಕ್ಷಕಿಯರು. ಅರಣ್ಯ ಇಲಾಖೆಯ ಅನುಮತಿಯನ್ನೂ ಪಡೆದಿದ್ದೆವು. ಎಲ್ಲವೂ ಸರಿಯಿತ್ತು. ಆದರೆ ಬುಡದಲ್ಲಿ ನಿಂತು ಮಕ್ಕಳಲ್ಲಿ ಹುರುಪು ತುಂಬಲು ನಾನೊಂದು ಮಾತು ಹೇಳಿಬಿಟ್ಟೆ: “ಯಾವ ಪೆಟ್ರೋಲ್ ಮೊದಲು ತುದಿ ಮುಟ್ಟುತ್ತದೋ ನೋಡೋಣ!”

ಆ ಒಂದು ಮಾತೇ ತಪ್ಪಾದದ್ದು.

ಮುಂದಿನವರು ಓಡಿದರು. ಅವರು ಅಂಚಿನ ಬಳಿ ಹೋದಾರೆಂಬ ಭಯದಿಂದ ನಾನೂ ಅವರ ಹಿಂದೆ ಹೆಜ್ಜೆ ಹಾಕಿದೆ. ಕೆಳಗೆ ಒಬ್ಬಳ ಚಪ್ಪಲಿಯ ಪಟ್ಟಿ ಕಿತ್ತುಹೋಗಿ, ಇನ್ನೊಬ್ಬ ಟೀಚರ್ ಅವಳ ಜೊತೆ ಹಿಂದುಳಿದರು. ತುದಿ ತಲುಪಿ ಬೆವರೊರೆಸಿ ಎಣಿಸಿದಾಗ ಕೆಳಗಿನವಳನ್ನು ಬಿಟ್ಟು ಇಪ್ಪತ್ತಮೂರು ಮಂದಿ ಇರಬೇಕಿತ್ತು. ಇದ್ದದ್ದು ಇಪ್ಪತ್ತೆರಡು. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತೆರಡೇ.

ಇಲ್ಲದವಳು ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಸಂಪಿಗೆ ಪೆಟ್ರೋಲಿನ ನಾಯಕಿ ತಲೆ ತಗ್ಗಿಸಿ ನಿಂತಿದ್ದಳು. “ಅವಳಿಂದಾಗಿ ನಾವು ಸೋಲುತ್ತೇವೆ ಎಂದು ಎಲ್ಲರೂ ಹೇಳಿದರು ಟೀಚರ್. ಆಗ ಅವಳೇ, ನೀವು ಹೋಗಿ, ನಾನು ಆಮೇಲೆ ಬರುತ್ತೇನೆ ಎಂದಳು.”

ಸಹೋದರಿಯರೇ, ಆ ಮೆಟ್ಟಿಲುಗಳನ್ನು ಇಳಿಯುತ್ತಿದ್ದಾಗ ನನ್ನ ಕಿವಿಯಲ್ಲಿದ್ದದ್ದು ಒಂದೇ ಮಾತು: “ನಾನು ನೋಡಿಕೊಳ್ಳುತ್ತೇನೆ.” ಗೈಡ್ ನಿಯಮಗಳಲ್ಲಿ ಮೊದಲನೆಯದು, ಗೈಡ್ ನಂಬಿಕೆಗೆ ಅರ್ಹಳು ಎಂಬುದು. ತರಬೇತಿಯಲ್ಲಿ ಅದನ್ನು ಓದಿದಾಗ, ಇದು ನಾನು ಮದ್ರಸದಲ್ಲಿ ಕಲಿತ ‘ಅಮಾನತ್’ ಎಂಬ ಪದವೇ ಅಲ್ಲವೇ ಎಂದು ಸಂತೋಷಪಟ್ಟಿದ್ದೆ. ಇನ್ನೊಬ್ಬರು ನಂಬಿ ಕೈಗಿಟ್ಟದ್ದನ್ನು ಇಟ್ಟಂತೆಯೇ ಮರಳಿಸುವುದು. ಚಿನ್ನವಾದರೆ ಕಪಾಟಿನಲ್ಲಿಟ್ಟು ಬೀಗ ಹಾಕಬಹುದು. ನನ್ನ ಕೈಗಿಟ್ಟದ್ದು ಒಂದು ಮಗುವನ್ನು. ನಾನದನ್ನು ಒಂದು ಪಂದ್ಯಕ್ಕಾಗಿ ಮರೆತಿದ್ದೆ.

ಅರ್ಧ ದಾರಿ ಇಳಿಯುವಷ್ಟರಲ್ಲಿ ಸೀಟಿ ಕೇಳಿಸಿತು. ಮೂರು ಸಲ. ಸ್ವಲ್ಪ ಮೌನ. ಮತ್ತೆ ಮೂರು ಸಲ. ತುದಿಯಲ್ಲಿ ಗಾಳಿಗೆ ಅದು ನಮಗೆ ಕೇಳಿಸಿರಲೇ ಇಲ್ಲ. ತಿರುವು ದಾಟಿದಾಗ ಕಂಡಳು. ಆಳದ ಬದಿಯನ್ನು ಬಿಟ್ಟು, ಬಂಡೆಗೆ ಬೆನ್ನು ಕೊಟ್ಟು, ನೆರಳಿನ ಮೆಟ್ಟಿಲಿನಲ್ಲಿ ಕುಳಿತಿದ್ದಳು. ನನ್ನನ್ನು ನೋಡಿದ ಮೇಲೆಯೇ ಅವಳ ಕಣ್ಣು ತುಂಬಿದ್ದು.

“ಒಬ್ಬಳೇ ಆದರೆ ಅಲ್ಲಿ ಇಲ್ಲಿ ಹೋಗಬಾರದು, ಇದ್ದಲ್ಲೇ ಕುಳಿತು ಮೂರು ಸಲ ಸೀಟಿ ಊದಬೇಕು ಎಂದು ನೀವು ಹೇಳಿದ್ದಿರಲ್ಲ ಟೀಚರ್” ಎಂದಳು. ಅನಂತರ ನನ್ನ ಒಣಗಿದ ಬಾಯಿ ನೋಡಿ ತನ್ನ ಬಾಟಲಿಯನ್ನು ಮುಂದೆ ಚಾಚಿದಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ನನ್ನದು ಯಾವಾಗಲೋ ಖಾಲಿಯಾಗಿತ್ತು.

ಇಡೀ ದಳದಲ್ಲಿ ಕಲಿಸಿದ್ದನ್ನು ಕಲಿಸಿದಂತೆ ನೆನಪಿಟ್ಟವಳು ಅವಳೊಬ್ಬಳೇ. ಅವಳನ್ನೇ ನಾವು ಹಿಂದೆ ಬಿಟ್ಟಿದ್ದೆವು.

ಅವಳ ಹೆಜ್ಜೆ, ಎಲ್ಲರ ಹೆಜ್ಜೆ

ಅವಳನ್ನು ಮುಂದಿಟ್ಟುಕೊಂಡು ಮತ್ತೆ ಹತ್ತಿದೆವು. ತುದಿಯಲ್ಲಿ ಹಳೆಯ ಗೋಡೆಯ ಅವಶೇಷಗಳಿವೆ, ಮಳೆನೀರು ನಿಲ್ಲುವ ಸಣ್ಣ ಕೆರೆಯೂ ಇದೆ. ಬುತ್ತಿ ಬಿಚ್ಚಿದೆವು. ಝುಹ್ರ್‌ನ ಸಮಯವಾದಾಗ ನಮಾಝ್ ನಿರ್ವಹಿಸುವ ಹುಡುಗಿಯರು ಕಿಬ್ಲಾ ಯಾವ ಕಡೆ ಎಂದು ಕೇಳಿದರು. “ಪಶ್ಚಿಮಕ್ಕೆ” ಎಂದಳು ಒಬ್ಬಳು. ನಾನು ಚೀಲದಿಂದ ದಿಕ್ಸೂಚಿ ತೆಗೆದು ಕೊಟ್ಟೆ. ನಮ್ಮ ಕರಾವಳಿಯಿಂದ ಮಕ್ಕಾ ಇರುವುದು ನೇರ ಪಶ್ಚಿಮಕ್ಕಲ್ಲ, ಪಶ್ಚಿಮದಿಂದ ಸುಮಾರು 20 ಡಿಗ್ರಿ ಉತ್ತರಕ್ಕೆ, ಅಂದರೆ ದಿಕ್ಸೂಚಿಯಲ್ಲಿ ಹೆಚ್ಚುಕಡಿಮೆ 290 ಡಿಗ್ರಿಯಲ್ಲಿ. ಅದನ್ನು ಅವರೇ ಅಳೆದು, ಕಲ್ಲುಗಳನ್ನು ಬಾಣದ ಆಕಾರದಲ್ಲಿ ಜೋಡಿಸಿ ಗುರುತು ಮಾಡಿದರು. ಒಂದು ಬಾಟಲಿ ನೀರಿನಲ್ಲಿ ಮೂವರು ವುಝೂ ಮಾಡಿದರು. ಮನೆಯಲ್ಲಿ ನಲ್ಲಿ ತೆರೆದಿಟ್ಟು ವುಝೂ ಮಾಡುವ ನಮಗೆ, ನೀರಿನಲ್ಲಿ ಮಿತವ್ಯಯದ ಕುರಿತು ಕೇಳಿದ ಎಷ್ಟೋ ಪ್ರವಚನಗಳಿಗಿಂತ ಆ ಬಾಟಲಿ ಚೆನ್ನಾಗಿ ಪಾಠ ಹೇಳಿತು.

ಇಳಿಯುವ ಮುನ್ನ ನಾನು ಎಲ್ಲ ಮಕ್ಕಳನ್ನೂ ಕೂರಿಸಿ ಹೇಳಿದೆ, “ಇಂದು ತಪ್ಪು ಮಾಡಿದವಳು ನಾನು. ಚಾರಣದಲ್ಲಿ ಪಂದ್ಯ ಇಡಬಾರದು. ಈಗ ಅವಳು ಎಲ್ಲರಿಗಿಂತ ಮುಂದೆ ನಡೆಯುತ್ತಾಳೆ. ಅವಳ ಹೆಜ್ಜೆಯೇ ನಮ್ಮೆಲ್ಲರ ಹೆಜ್ಜೆ. ಅವಳು ನಿಂತರೆ ನಾವೂ ನಿಲ್ಲುತ್ತೇವೆ.”

ಇದು ನನ್ನ ಆವಿಷ್ಕಾರವಲ್ಲ. ಚಾರಣದ ಹಳೆಯ ನಿಯಮ. ನಿಧಾನವಾಗಿ ನಡೆಯುವವರನ್ನು ಹಿಂದೆ ಇಟ್ಟರೆ ಅಂತರ ಹೆಚ್ಚುತ್ತಾ ಹೋಗುತ್ತದೆ. ಮುಂದಿನವರು ನಿಂತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವಳು ಏದುಸಿರು ಬಿಡುತ್ತಾ ಬಂದು ಸೇರುವಷ್ಟರಲ್ಲಿ ಅವರು ಮತ್ತೆ ಹೊರಟುಬಿಡುತ್ತಾರೆ. ಹೆಚ್ಚು ದಣಿದವಳಿಗೇ ವಿಶ್ರಾಂತಿ ಇಲ್ಲ. ಅವಳನ್ನು ಮುಂದಿಟ್ಟರೆ ಗುಂಪು ಒಡೆಯುವುದಿಲ್ಲ. ಕೊನೆಯಲ್ಲಿ ಒಬ್ಬ ಗಟ್ಟಿ ಹುಡುಗಿಯನ್ನು ಇಡಬೇಕು, ಅವಳ ಹಿಂದೆ ಯಾರೂ ಇರಬಾರದು.

ಆ ದಿನ ಇಳಿಯಲು ಹತ್ತಿದ್ದಕ್ಕಿಂತಲೂ ಹೆಚ್ಚು ಹೊತ್ತು ಬೇಕಾಯಿತು. ಯಾರೂ ಜಾರಲಿಲ್ಲ. ಹತ್ತುವಾಗ ಯಾರ ಕಣ್ಣಿಗೂ ಬೀಳದ ಜೇನುಗೂಡು ಇಳಿಯುವಾಗ ಕಂಡಿತು, ದೂರದ ಕುದುರೆಮುಖದ ಸಾಲು ಕಂಡಿತು. ನಿಧಾನವಾಗಿ ನಡೆದವರಿಗೆ ಮಾತ್ರ ಕಾಣುವ ವಸ್ತುಗಳು ಎಷ್ಟೋ ಇವೆ.

ಸಂಜೆ ಮಗಳನ್ನು ಮನೆಗೆ ಮುಟ್ಟಿಸಿದಾಗ ನಡೆದದ್ದನ್ನು ಮುಚ್ಚಿಡಬಹುದಿತ್ತು. ಮಗುವಿಗೆ ಒಂದು ಗೀರೂ ಆಗಿರಲಿಲ್ಲ. ಆದರೂ ಹೇಳಿದೆ. ಆ ತಾಯಿ ಕೂಗಾಡಲಿಲ್ಲ. “ನೋಡಿಕೊಳ್ಳುತ್ತೇನೆ ಎಂದಿದ್ದಿರಿ ಟೀಚರೇ” ಎಂದಷ್ಟೇ ಹೇಳಿ ಒಳಗೆ ಹೋದರು. ಮರುವರ್ಷದ ಚಾರಣಕ್ಕೆ ಮಗಳನ್ನು ಕಳುಹಿಸಲಿಲ್ಲ. ನಾನು ಒತ್ತಾಯಿಸಲೂ ಇಲ್ಲ. ಆ ಹಕ್ಕನ್ನು ನಾನು ಕಳೆದುಕೊಂಡಿದ್ದೆ. ಆದರೆ ಹುಡುಗಿ ಶಾಲೆಯಲ್ಲಿ ನಡೆಯುವ ಗೈಡ್ ತರಗತಿಗಳನ್ನು ಬಿಡಲಿಲ್ಲ. ಗಂಟು, ಪ್ರಥಮ ಚಿಕಿತ್ಸೆ, ಬ್ಯಾಂಡೇಜ್ ಎಲ್ಲವನ್ನೂ ತನ್ನದೇ ನಿಧಾನ ಗತಿಯಲ್ಲಿ ಕಲಿತಳು.

ಜಗಲಿಯ ಪ್ರಶ್ನೆಗೆ ಉತ್ತರ

2013ರಲ್ಲಿ ಅವಳು ಹತ್ತನೇ ತರಗತಿಯಲ್ಲಿದ್ದಾಗ ಒಂದು ರಾತ್ರಿ ಅವಳ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ತಂದೆ ಗಲ್ಫ್‌ನಲ್ಲಿ. ನೆರೆಯವರು ಓಡಿ ಬಂದರು. ಒಬ್ಬರು ಎತ್ತಿ ಕೂರಿಸೋಣ ಎಂದರು, ಇನ್ನೊಬ್ಬರು ಎಣ್ಣೆ ಹಚ್ಚಿ ಕಾಲು ಎಳೆದರೆ ಸರಿಯಾಗುತ್ತದೆ ಎಂದರು. ಯಾವತ್ತೂ ದೊಡ್ಡವರ ಎದುರು ಬಾಯಿ ತೆರೆಯದ ಆ ಹುಡುಗಿ ಅಂದು ಅಡ್ಡ ನಿಂತಳು. “ಯಾರೂ ಮುಟ್ಟಬೇಡಿ, ಸೊಂಟದ ಎಲುಬು ಮುರಿದಿರಬಹುದು” ಎಂದಳು. ಎರಡು ಕಾಲುಗಳ ನಡುವೆ ಮಡಚಿದ ಚಾದರ ಇಟ್ಟು, ನೋವಿಲ್ಲದ ಕಾಲಿಗೆ ನೋವಿನ ಕಾಲನ್ನು ಸೇರಿಸಿ ತನ್ನ ದುಪ್ಪಟ್ಟಾಗಳಿಂದ ಕಟ್ಟಿದಳು. ರೀಫ್ ನಾಟ್. ಉಮ್ಮನಿಂದ 108ಕ್ಕೆ ಕರೆ ಮಾಡಿಸಿದಳು. ಆಂಬ್ಯುಲೆನ್ಸ್ ಬರುವ ತನಕ ಅಜ್ಜಿಯ ಕೈ ಹಿಡಿದು ಮಾತಾಡಿಸುತ್ತಾ ಕುಳಿತಳು. ಸೊಂಟದ ಬಳಿ ಎಲುಬು ಮುರಿದದ್ದು ನಿಜವಾಗಿತ್ತು. ಎತ್ತಿ ಎಳೆದಾಡದೆ ತಂದದ್ದು ಒಳ್ಳೆಯದಾಯಿತು ಎಂದು ವೈದ್ಯರು ಹೇಳಿದರಂತೆ.

ಇದನ್ನು ನನಗೆ ಹೇಳಿದ್ದು ಅವಳ ತಾಯಿ. ಅವರು ಶಾಲೆಗೆ ಬಂದಿದ್ದರು. ಕೈಯಲ್ಲಿ ಒಂದು ಕಾಗದವಿತ್ತು. ಎರಡನೆಯ ಮಗಳ ಒಪ್ಪಿಗೆ ಪತ್ರ. ಸಹಿ ಮೊದಲೇ ಹಾಕಿತ್ತು.

“ಇವಳು ಬಹಳ ಚುರುಕು ಟೀಚರೇ. ಓಡಿ ಮುಂದೆ ಹೋಗುವವಳು. ಇವಳನ್ನು ಹಿಂದೆ ಇಡಿ” ಎಂದರು.

ಇಬ್ಬರೂ ನಕ್ಕೆವು. ಎರಡು ವರ್ಷಗಳ ನಂತರ.

ಕಳುಹಿಸುವ ಮುನ್ನ ಕೇಳಿ

ನಾನು ಇದನ್ನು ಬರೆದದ್ದು ನೀವು ಕಣ್ಣು ಮುಚ್ಚಿ ಮಕ್ಕಳನ್ನು ಕಳುಹಿಸಬೇಕೆಂದಲ್ಲ. ನನ್ನಂತಹ ಶಿಕ್ಷಕಿಯರೂ ತಪ್ಪು ಮಾಡುತ್ತೇವೆ. ಆದುದರಿಂದ ಪ್ರಶ್ನೆ ಕೇಳಿ. ಎಷ್ಟು ಮಕ್ಕಳು, ಎಷ್ಟು ಶಿಕ್ಷಕಿಯರು? ಹಿಂದೆ ಯಾರು ನಡೆಯುತ್ತಾರೆ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಚೀಲದಲ್ಲಿದೆ? ಹತ್ತಿರದ ಆಸ್ಪತ್ರೆ ಯಾವುದು? ಅರಣ್ಯ ಇಲಾಖೆಯ ಅನುಮತಿ ಆಗಿದೆಯೇ? ಮಳೆಗಾಲದಲ್ಲಿ ಗಡಾಯಿಕಲ್ಲಿನಂತಹ ಜಾಗಕ್ಕೆ ಹೋಗಲೇಬಾರದು, ಮೆಟ್ಟಿಲು ಪಾಚಿ ಹಿಡಿದು ಜಾರುತ್ತದೆ. ಈ ಪ್ರಶ್ನೆಗಳಿಗೆ ಸಿಟ್ಟಾಗುವ ಶಿಕ್ಷಕರಿದ್ದರೆ ಕಳುಹಿಸಬೇಡಿ. ಉತ್ತರ ಬರೆದು ಕೊಡುವವರಿದ್ದರೆ ಧೈರ್ಯವಾಗಿ ಕಳುಹಿಸಿ.

ಉಡುಪಿನ ಬಗ್ಗೆ ಅನೇಕ ತಾಯಂದಿರು ಕೇಳುತ್ತಾರೆ. ಗೈಡ್ ಸಮವಸ್ತ್ರದಲ್ಲಿ ಸಲ್ವಾರ್ ಕಮೀಝ್ ಮತ್ತು ದುಪ್ಪಟ್ಟಾಕ್ಕೂ ಅವಕಾಶವಿದೆ. ಗುಡ್ಡ ಹತ್ತಲು ಅದು ತೊಡಕಲ್ಲ. ತೊಡಕಾಗುವುದು ಚಪ್ಪಲಿ. ಹಿಂದೆ ಪಟ್ಟಿಯಿರುವ, ಅಡಿ ಸವೆಯದ ಶೂ ಇರಲಿ. ಹೊಸ ಶೂ ಬೇಡ, ಕಾಲಿಗೆ ಗುಳ್ಳೆ ಏಳುತ್ತದೆ. ನೀರು ನಡಿಗೆಯ ಗಂಟೆಗೆ ಅರ್ಧ ಲೀಟರ್ ಲೆಕ್ಕದಲ್ಲಿ ಇರಲಿ. ತಿನ್ನಲು ಖರ್ಜೂರ, ನೆಲಗಡಲೆ, ಬೆಲ್ಲ ಸಾಕು. ಪ್ಲಾಸ್ಟಿಕ್ ಪೊಟ್ಟಣದ ತಿಂಡಿ ಕೊಟ್ಟರೆ ಖಾಲಿ ಪೊಟ್ಟಣ ಮರಳಿ ಮನೆಗೆ ತರಲು ಹೇಳಿ, ಸಂಜೆ ಎಣಿಸಿ ನೋಡಿ.

ಹಾವಿನ ಭಯ ಎಲ್ಲರಿಗೂ ಇದೆ. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡಿ. ಕಾಣದ ಜಾಗಕ್ಕೆ, ಕಲ್ಲಿನ ಸಂದಿಗೆ ಕೈ ಹಾಕಬಾರದು. ಕಚ್ಚಿದರೆ ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಓಡಿಸದೆ, ಆದಷ್ಟು ಬೇಗ ಆಸ್ಪತ್ರೆಗೆ ಒಯ್ಯಬೇಕು. ಮದ್ದು ಇರುವುದು ಅಲ್ಲಿ ಮಾತ್ರ.

ಇನ್ನು, ಇದರಿಂದ ಓದಿಗೆ ತೊಂದರೆಯಾಗದೇ ಎಂಬ ಪ್ರಶ್ನೆ. ಗೈಡ್ಸ್‌ನಲ್ಲಿ ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅನಂತರ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ ಎಂದು ಮೆಟ್ಟಿಲುಗಳಿವೆ. ಅವುಗಳನ್ನು ಹತ್ತಲು ವರ್ಷಗಳು ಬೇಕು. ಅಂಕಪಟ್ಟಿಯಂತೆ ಒಂದು ರಾತ್ರಿ ಬಾಯಿಪಾಠ ಮಾಡಿ ಪಡೆಯುವಂತಹುದಲ್ಲ. ತಾಳ್ಮೆ ಕಲಿತ ಮಗು ಪಾಠದಲ್ಲಿ ಹಿಂದೆ ಬೀಳುವುದನ್ನು ನಾನು ಕಂಡಿಲ್ಲ.

ನಿಮ್ಮ ಮಕ್ಕಳ ಶಾಲೆಯಲ್ಲಿ ದಳವಿಲ್ಲದಿದ್ದರೆ ಬೇಸರ ಬೇಡ. ಒಂದು ರವಿವಾರ ಬೆಳಗ್ಗೆ ಬೇಗ ಎದ್ದು ಮನೆಮಂದಿಯೆಲ್ಲ ಹತ್ತಿರದ ಗುಡ್ಡಕ್ಕೋ ಹೊಳೆಯ ಬದಿಗೋ ನಾಲ್ಕೈದು ಕಿಲೋಮೀಟರ್ ನಡೆದು ಬನ್ನಿ. ದಾರಿ ಹುಡುಕುವ ಹೊಣೆಯನ್ನು ಮಗಳಿಗೆ ಕೊಡಿ, ಬುತ್ತಿ ಕಟ್ಟುವ ಹೊಣೆಯನ್ನು ಮಗನಿಗೆ ಕೊಡಿ. ತಪ್ಪಿದರೆ ಬಯ್ಯಬೇಡಿ. ಫೋನ್ ಒಂದೇ ಇರಲಿ, ಅದೂ ತುರ್ತಿಗೆ.

ಕೊನೆಗೊಂದು ಮಾತು. ಗಡಾಯಿಕಲ್ಲಿನಿಂದ ಬಂದ ಮೇಲೆ ನಾನು ನನ್ನ ತರಗತಿಯನ್ನೂ ಮನೆಯನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ. ಪಾಠದಲ್ಲಿ ಹಿಂದಿರುವ ಮಗುವನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ್ದು ಯಾರು? ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ಆರಿದ ಅನ್ನ ಬಡಿಸಿಕೊಳ್ಳುವವರು ಯಾರು? ನಡೆಯಲಾಗದ ಅತ್ತೆಯನ್ನು ಮನೆಯಲ್ಲಿ ಬಿಟ್ಟು ನಾವೆಲ್ಲ ಮದುವೆಗೆ ಹೊರಟದ್ದು ಎಷ್ಟು ಸಲ? ಹೊಸದಾಗಿ ಬಂದ ಸೊಸೆ ಕೆಲಸದಲ್ಲಿ ನಿಧಾನ ಎಂದು ಆಡಿಕೊಂಡದ್ದು ಎಷ್ಟು ಸಲ? “ನೀವು ಹೋಗಿ, ನಾನು ಆಮೇಲೆ ಬರುತ್ತೇನೆ” ಎಂದು ಅವರೇ ಹೇಳಿದರು ಎಂಬುದು ನಮ್ಮ ಸಮಾಧಾನ. ಹಾಗೆ ಹೇಳುವವರ ಕಣ್ಣನ್ನು ಒಮ್ಮೆ ನೋಡಿ.

ಮುಂದಿನ ಸಲ ನಿಮ್ಮ ಮನೆಯವರೆಲ್ಲ ಎಲ್ಲಿಗಾದರೂ ಹೊರಟಾಗ, ಬಾಗಿಲ ಬಳಿ ಒಂದು ಕ್ಷಣ ನಿಂತು ಎಣಿಸಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರನ್ನು ಮುಂದೆ ಕಳುಹಿಸಿ. ಉಳಿದವರು ಅವರ ಹಿಂದೆ ನಡೆಯಿರಿ. ತಲುಪುವಾಗ ಸ್ವಲ್ಪ ತಡವಾದೀತು. ಆದರೆ ಯಾರೂ ಕಡಿಮೆ ಇರುವುದಿಲ್ಲ.